ಮಣ್ಣಿನ ಎತ್ತು, ಮಣ್ಣಿನ ಮಾಳಿಗೆ

(ಮಣ್ಣೆತ್ತಿನ ಅಮಾವಾಸ್ಯೆಯ ಸಂಜೆ ಹಚ್ಚೊಳ್ಳಿಯಲ್ಲಿ ಮಾಡಿದ ಭಾಷಣ)



ಹಬ್ಬದ ಈ ದಿವಸ ತಮ್ಮ ಮುಂದೆ ನಿಂತು ನಾಲ್ಕು ಮಾತುಗಳನ್ನಾಡಬೇಕೆಂದು ನಮಗೆ ಅಪ್ಪಣೆಯಾಗಿದೆ. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ತಾವು ನಮಗೇ ಬಿಟ್ಟಿರುವಿರಿ. ವಕೀಲಿ ಮಾಡುವವರು ಕಾಯಿದೆಯ ವಿಷಯವನ್ನೇ ಎತ್ತುವರೆಂದು ತಾವು ಎಣಿಸಿದ್ದರೆ ಅದು ತಪ್ಪಲ್ಲ. ನಾವೂ ಹಾಗೆಯೇ ಎಣಿಸಿ ಒಂದೆರಡು ಹಾಳೆ ಬರೆದು ತಂದಿದ್ದೆವು. ಆದರೆ ಈ ಮುಂಜಾನೆ ಅಗಸೆಯನ್ನು ದಾಟಿ ಓಣಿಯೊಳಗೆ ಬರುತ್ತಿರುವಾಗ ಕಟ್ಟೆಯ ಮೇಲೆ ಇಬ್ಬರು ಹುಡುಗರು ಎರೆಮಣ್ಣಿನ ಮುದ್ದೆಯನ್ನು ಮುಂದಿಟ್ಟುಕೊಂಡು ಎತ್ತು ಮಾಡುವದನ್ನು ಕಂಡೆವು. ಕಿರಿಯವನು ತನ್ನ ಎತ್ತನ್ನು ಬೇಗ ಒಣಗಿಸುವ ಆತುರದಿಂದ ಬಿಸಿಲಿಗೆ ಇಡಹೋದನು. ಹಿರಿಯವನು ಕೂಡಲೇ ಅವನ ಕೈ ಹಿಡಿದು, "ಬಿಸಿಲಾಗ ಇಡಬ್ಯಾಡಲೇ, ಕೋಡು ಸೀಳ್ತಾವ" ಎಂದನು. ಆ ಒಂದು ಮಾತು ನಮ್ಮ ಹಾಳೆಗಳನ್ನು ಮಡಿಚಿ ಕಿಸೆಯಲ್ಲಿಡಿಸಿತು. ಮಣ್ಣು ನೀರನ್ನು ಕುಡಿದಾಗ ಉಬ್ಬುವದು, ಬಿಟ್ಟಾಗ ಕುಗ್ಗುವದು. ಹೊರಮೈ ಬೇಗ ಒಣಗಿ ಒಳಮೈ ಹಸಿಯಾಗಿದ್ದರೆ ಎರಡೂ ಕೂಡಿ ಕುಗ್ಗಲಾರದೆ ಸೀಳು ಬೀಳುವದು. ಎತ್ತಿನ ಕೋಡಿಗೂ ಮನೆಯ ಗೋಡೆಗೂ ಇದೇ ನಿಯಮ. ಆ ಹುಡುಗನು ಇದನ್ನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಆದ್ದರಿಂದ ಈ ಹೊತ್ತು ನಾವು ಮಣ್ಣಿನ ವಿಷಯವನ್ನೇ ಮಾತಾಡುವೆವು.

ನಮ್ಮ ಉತ್ತರದ ಸೀಮೆಯಲ್ಲಿ ವರ್ಷಕ್ಕೆ ಐದು ಸಲ ಮಣ್ಣಿನ ಪೂಜೆ ನಡೆಯುವದೆಂದು ಹಿರಿಯರು ಎಣಿಸಿ ಹೇಳುವರು. ಜ್ಯೇಷ್ಠದ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪತಿ, ಗಣಪತಿಯ ಬೆನ್ನಿಗೇ ಜೋಕುಮಾರ. ಇವುಗಳಲ್ಲಿ ಯಾವುದಕ್ಕೂ ಕಲ್ಲುಕುಟಿಗನ ಗೊಡವೆಯಿಲ್ಲ, ಎರಕದವನ ಗೊಡವೆಯಿಲ್ಲ. ಹೊಲದ ಮಣ್ಣು, ಬಾವಿಯ ನೀರು, ಮನೆಯವರ ಕೈ. ಎತ್ತಿನ ಮೈಗೆ ಕುಸುಬಿಯ ಕಾಳು ಚುಚ್ಚಿ ಸಿಂಗರಿಸುವರು, ಮುಂದೆ ಗೋದಲಿಯನ್ನು ಮಾಡಿ ಅದರಲ್ಲಿ ನಾಲ್ಕು ಕಾಳು ಹಾಕುವರು. ಜೋಕುಮಾರನನ್ನು ಬುಟ್ಟಿಯಲ್ಲಿಟ್ಟು ಬೇವಿನ ತೊಪ್ಪಲಿನಿಂದ ಮುಚ್ಚಿ ಅಂಬಿಗರ ಹೆಣ್ಣುಮಕ್ಕಳು ಮನೆಮನೆಗೆ ತರುವರು. ಹುಣ್ಣಿಮೆಗೆ ಅವನು ಇಲ್ಲವಾಗುವನು. ಮಾಡಿದ್ದು ಉಳಿಯಬೇಕೆಂಬ ಹಟ ಇವುಗಳಲ್ಲಿ ಯಾವುದರಲ್ಲಿಯೂ ಇಲ್ಲವೆಂಬುದನ್ನು ತಾವು ಗಮನಿಸಬೇಕು. ಮುಂದಿನ ವರ್ಷ ಮತ್ತೆ ಮಾಡುವವರು ಇರುವರೆಂಬ ಭರವಸೆಯ ಮೇಲೆಯೇ ಈ ಕಲೆ ನಿಂತಿದೆ. ಈ ಭರವಸೆಯ ಮಾತನ್ನು ತಾವು ನೆನಪಿಡಬೇಕು. ಮಾಳಿಗೆಯ ವಿಷಯಕ್ಕೆ ಬಂದಾಗ ಅದು ಬೇಕಾಗುವದು.

ಕಲ್ಲಿನ ಕಟ್ಟಡಕ್ಕೆ ಇತಿಹಾಸವುಂಟು, ಮಣ್ಣಿನ ಮನೆಗೆ ಏನಿದೆ ಎಂದು ಕಲಿತವರು ಕೇಳುವದುಂಟು. ಇದೇ ತಾಲೂಕಿನ ತೆಕ್ಕಲಕೋಟೆಗೆ ಹೋಗಿ ಕೇಳಲಿ! ಅಲ್ಲಿಯ ಗುಡ್ಡಗಳಲ್ಲಿ ಡಾ. ಎಂ. ಎಸ್. ನಾಗರಾಜರಾಯರು 1960ರ ದಶಕದ ಮೊದಲರ್ಧದಲ್ಲಿ ಉತ್ಖನನ ಮಾಡಿದರು. 1965ರಲ್ಲಿ ಅದರ ವರದಿ ಗ್ರಂಥರೂಪವಾಗಿ ಹೊರಬಿದ್ದಿತು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಜನರು ಬಂಡೆಗಳ ನಡುವಿನ ನೆಲವನ್ನು ಸಮಮಾಡಿ, ದುಂಡಗೆ ಗೂಟಗಳನ್ನು ನೆಟ್ಟು, ತಡಿಕೆ ಹೆಣೆದು, ಅದಕ್ಕೆ ಮಣ್ಣು ಮೆತ್ತಿ ಗುಡಿಸಲು ಕಟ್ಟಿಕೊಂಡಿದ್ದರೆಂಬುದು ಅಲ್ಲಿ ಗೊತ್ತಾಯಿತು. ಬಳ್ಳಾರಿಯ ಮಗ್ಗುಲಿಗಿರುವ ಸಂಗನಕಲ್ಲಿನಲ್ಲಿ ಡಾ. ಬಿ. ಸುಬ್ಬರಾಯರು ಅದಕ್ಕೂ ಮೊದಲೇ, 1940ರ ದಶಕದಲ್ಲಿ, ಅಗೆದು ನೋಡಿ 1948ರಲ್ಲಿ ಬಳ್ಳಾರಿ ಸೀಮೆಯ ಶಿಲಾಯುಗದ ಮೇಲೆ ಗ್ರಂಥವನ್ನೇ ಬರೆದರು. ಅಂದರೆ ತಡಿಕೆಗೆ ಮಣ್ಣು ಮೆತ್ತುವ ಕೈಗೆಲಸವು ಈ ತಾಲೂಕಿನಲ್ಲಿ ಮೂರೂವರೆ ಸಾವಿರ ವರ್ಷಗಳಷ್ಟು ಹಳೆಯದು. ಇನ್ನು ಹಂಪೆಯನ್ನು ನೋಡಿರಿ. ದೇವರಿಗೆ ಕಲ್ಲಿನ ಗುಡಿಗಳು ಉಳಿದಿವೆ; ರಾಯರ ಅರಮನೆಗಳಲ್ಲಿ ಉಳಿದದ್ದು ಕಲ್ಲಿನ ಜಗತಿ ಮಾತ್ರ. ಮೇಲಿನ ಕಟ್ಟಡವು ಕಟ್ಟಿಗೆ, ಇಟ್ಟಿಗೆ, ಗಾರೆಗಳದಾಗಿದ್ದುದರಿಂದ ಉಳಿಯಲಿಲ್ಲ. ಅಷ್ಟು ದೊಡ್ಡ ರಾಜ್ಯದ ಅರಸರೂ ಅಳಿಯುವ ಮನೆಗಳಲ್ಲಿಯೇ ಬಾಳಿದರು.

ಈಗ ಮಣ್ಣಿಗೆ ಬರೋಣ. ನಮ್ಮ ಹಗರಿಯ ಸೀಮೆಯಲ್ಲಿ ಎರೆಯೂ ಉಂಟು, ಮಸಾರೆಯೂ ಉಂಟು. ಎರೆಯು ಜಿಗುಟು, ಬೊಂಬೆಗೆ ಅದಕ್ಕಿಂತ ಉತ್ತಮ ಮಣ್ಣಿಲ್ಲ, ಗೋಡೆಗೆ ಅದಕ್ಕಿಂತ ಕೆಟ್ಟ ಮಣ್ಣಿಲ್ಲ. ಬೇಸಗೆಯಲ್ಲಿ ಹೊಲದಲ್ಲಿ ಬೀಳುವ ಬಿರುಕಿನೊಳಗೆ ಕೈ ಇಳಿಯುವದನ್ನು ತಾವೆಲ್ಲರೂ ಕಂಡಿರುವಿರಿ. ಅದೇ ಬಿರುಕು ಗೋಡೆಯಲ್ಲಿ ಬೀಳದೆ ಇದ್ದೀತೆ? ಅದಕ್ಕಾಗಿ ಬಲ್ಲವರು ಬರಿಯ ಎರೆಯಿಂದ ಗೋಡೆಯನ್ನು ಏರಿಸುವದಿಲ್ಲ. ಮಸಾರೆಯನ್ನು ಬೆರಸುವರು, ಹಳ್ಳದ ಮರಳನ್ನು ಕೂಡಿಸುವರು, ಹೊಟ್ಟನ್ನು ಹಾಕುವರು. ಹೊಟ್ಟು ಹಾಕಿ ತುಳಿದ ಕೆಸರನ್ನು ಕೆಲವು ದಿವಸ ಹಾಗೆಯೇ ಮಾಗಲು ಬಿಡುವರು; ಆಗ ಬರುವ ವಾಸನೆಯನ್ನು ಸಹಿಸದವರು ಗೋಡೆ ಕಟ್ಟಲಾರರು! ಹೊಟ್ಟು ಕೊಳೆತು ಮಣ್ಣಿಗೆ ಅಂಟು ಬರುವದು. ಕೊಳೆಯದೆ ಉಳಿದ ಎಳೆಗಳು ಮಣ್ಣನ್ನು ಹಿಡಿದು, ಒಂದು ದೊಡ್ಡ ಬಿರುಕಿನ ಬದಲು ನೂರು ಸಣ್ಣ ಗೆರೆಗಳಾಗುವಂತೆ ಮಾಡುವವು. ಗೋಡೆಯನ್ನು ಒಂದೇ ದಿವಸಕ್ಕೆ ಏರಿಸದೆ ಒಂದು ವರಸೆ ಒಣಗಿದ ಮೇಲೆ ಮತ್ತೊಂದನ್ನು ಇಡುವರು. ನಮ್ಮ ಹುಡುಗನು ಎತ್ತನ್ನು ನೆರಳಿಗಿಟ್ಟ ಬುದ್ಧಿಯೇ ಇದು.

ಮೇಲೆ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ತೊಪ್ಪಲು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಮೇಲ್ಮುದ್ದೆ. ಹೊಲದಲ್ಲಿ ಒಂದು ಕಾಳನ್ನೂ ಬೆಳೆಯಗೊಡದ ಈ ಸವಳನ್ನು ತಲೆಯ ಮೇಲೆ ಹೊತ್ತುಕೊಂಡು ತರುವರೇಕೆ? ಅದರಲ್ಲಿ ಸೋಡಿಯಮ್ ಎಂಬ ಧಾತುವಿನ ಲವಣಗಳು ಹೆಚ್ಚು. ಮಳೆಯ ನೀರು ತಾಗಿದ ಕೂಡಲೇ ಅದರ ಸಣ್ಣ ಕಣಗಳು ಬಿಡಿಬಿಡಿಯಾಗಿ ಉಬ್ಬಿ ತಮ್ಮ ನಡುವಿನ ತೂತುಗಳನ್ನು ತಾವೇ ಮುಚ್ಚಿಕೊಳ್ಳುವವು. ಮೊದಲ ನೀರು ಇಂಗುವದರೊಳಗಾಗಿ ಬಾಗಿಲು ಹಾಕಿದಂತಾಗುವದು. ಬೆಳೆಗೆ ಯಾವುದು ಶಾಪವೋ ಮಾಳಿಗೆಗೆ ಅದೇ ವರ. ಇಂಥ ಮನೆಯೊಳಗೆ ಬಳ್ಳಾರಿಯ ಬೇಸಗೆಯ ನಡುಹಗಲಿನಲ್ಲಿ ಕುಳಿತವರಿಗೆ ಅದರ ತಂಪನ್ನು ನಾವು ಬಣ್ಣಿಸಬೇಕಾಗಿಲ್ಲ. ತಗಡಿನ ಮನೆಯಲ್ಲಿ ಕುಳಿತವರಿಗೆ ಬಣ್ಣಿಸಿ ಪ್ರಯೋಜನವಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವೆವು. 1953ನೆಯ ಇಸವಿಯ ಅಕ್ಟೋಬರ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ನಮ್ಮನ್ನು ಮೈಸೂರಿಗೂ ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೂ ಕೊಟ್ಟರು. ಗೆರೆಯ ಆಚೆ ಇದನ್ನೇ ಮಿದ್ದೆಯೆನ್ನುವರು, ಈಚೆ ಮಾಳಿಗೆಯೆನ್ನುವೆವು. ಆಚೆ ಉಳಿದ ಕನ್ನಡಿಗರ ಮನೆಯನ್ನು ಮಾಳಿಗೆ ನೋಡಿ ಗುರುತಿಸುವದಾಗುವದಿಲ್ಲ. ಒಳಗಿನ ಮಾತು ಕೇಳಿಯೇ ಗುರುತಿಸಬೇಕು. ರಾಜ್ಯಗಳನ್ನು ಭಾಷೆಯಿಂದ ವಿಂಗಡಿಸಿದ್ದು ನ್ಯಾಯವೇ ಆಯಿತು, 1956ರಲ್ಲಿ ಕನ್ನಡ ನಾಡು ಒಂದಾದದ್ದು ನಮ್ಮ ಪುಣ್ಯ. ಆದರೆ ಮಣ್ಣಿನ ವಿದ್ಯೆಯನ್ನು ಕಲಿಯಲು ನೆರೆಯವರ ಮನೆಗೆ ಹೋಗುವದರಲ್ಲಿ ನಮಗೆ ನಾಚಿಕೆಯಿರಬಾರದು.

ಇಷ್ಟು ಸ್ತುತಿಯ ನಂತರ ಸತ್ಯವನ್ನೂ ಹೇಳಬೇಕು. 2009ರ ಸೆಪ್ಟೆಂಬರದ ಕೊನೆಗೆ ಮತ್ತು ಅಕ್ಟೋಬರದ ಮೊದಲಿಗೆ, ಹಸ್ತೆಯ ಮಳೆಯಲ್ಲಿ, ಉತ್ತರ ಕರ್ನಾಟಕದ ಮೇಲೆ ಆಕಾಶವೇ ಕಳಚಿಬಿದ್ದಂತಾದದ್ದನ್ನು ತಾವು ಮರೆತಿಲ್ಲ. ಈ ತಾಲೂಕೂ ಅದರಲ್ಲಿ ನಲುಗಿತು. ಮಣ್ಣಿನ ಮನೆಗಳು ಬಿದ್ದವು. ಕೆಳಗೆ ಮಲಗಿದವರು ಏಳಲಿಲ್ಲ. ಅಂದಿನಿಂದ "ಮಣ್ಣಿನ ಮನೆ ಮೃತ್ಯುವಿನ ಮನೆ" ಎಂಬ ಮಾತು ಜನರ ಬಾಯಲ್ಲಿ ಉಳಿದಿದೆ. ಹೆಣವನ್ನು ಕಂಡವರ ಮುಂದೆ ನಿಂತು ನಾವು ಮಣ್ಣಿನ ಗುಣಗಾನ ಮಾಡಿದರೆ ಅವರು ನಮ್ಮನ್ನು ಹೊಡೆಯದೆ ಬಿಟ್ಟದ್ದೇ ದೊಡ್ಡದು. ಆದರೂ ಮನೆ ಯಾಕೆ ಬಿದ್ದಿತೆಂಬ ಪ್ರಶ್ನೆಯನ್ನು ಕೇಳಲೇಬೇಕು.

ಲೆಕ್ಕ ಮಾಡಿ ನೋಡೋಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಅಂಕಣವನ್ನು ತೆಗೆದುಕೊಳ್ಳಿರಿ. ಅದರ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಒಣಗಿದಾಗಲೇ ಸುಮಾರು 45 ಕ್ವಿಂಟಲ್ ಭಾರ; ನೆನೆದಾಗ 50ನ್ನು ಮೀರುವದು. ಪ್ರತಿಯೊಂದು ಹೊಸ ಅಂಗುಲವೂ ಸುಮಾರು 4 ಕ್ವಿಂಟಲನ್ನು ಹೇರುವದು. ಹಿಂದಿನವರು ಮಳೆಗಾಲಕ್ಕೆ ಮುಂಚೆ ಹಳೆಯ ಮೇಲ್ಮುದ್ದೆಯನ್ನು ಕೆರೆದು ಕೆಳಗಿಳಿಸಿ ಹೊಸದನ್ನು ಹಾಕುತ್ತಿದ್ದರು. ಕೆರೆಯುವದು ದುಡಿಮೆಯ ಕೆಲಸ, ಹಾಕುವದು ಸುಲಭ. ಆಳು ಸಿಗದಂತಾದಾಗ ಕೆರೆಯುವದನ್ನು ಬಿಟ್ಟು ಹಾಕುವದನ್ನು ಮಾತ್ರ ಉಳಿಸಿಕೊಂಡೆವು. ಮೂರು ವರ್ಷಕ್ಕೊಂದು ಅಂಗುಲವೆಂದರೂ ಮೂವತ್ತು ವರ್ಷಕ್ಕೆ 40 ಕ್ವಿಂಟಲ್! ಅಜ್ಜನು ಹಾಕಿಸಿದ ತೊಲೆಯು ಅಜ್ಜನ ಕಾಲದ ಭಾರಕ್ಕೆ ಮಾತ್ರ ಒಪ್ಪಿಕೊಂಡಿತ್ತು. ಮೊಮ್ಮಗನ ಸೋಮಾರಿತನದ ಭಾರಕ್ಕೆ ಅಲ್ಲ. ಜೊತೆಗೆ ಗೆದ್ದಲು. ಕೆಳಗಡೆ ನೋಡಿದರೆ ಬಚ್ಚಲ ನೀರು ಗೋಡೆಯ ಬುಡದಲ್ಲಿಯೇ ನಿಂತಿರುವದು. ಓಣಿಯನ್ನು ಮೇಲಿಂದ ಮೇಲೆ ಏರಿಸಿ ಸಿಮೆಂಟಿನ ರಸ್ತೆ ಮಾಡಿದ್ದರಿಂದ ಮನೆಯ ಹೊಸ್ತಿಲು ತಗ್ಗಿಗೆ ಬಿದ್ದಿರುವದು. ತಲೆಯ ಮೇಲೆ ಇಮ್ಮಡಿ ಭಾರ, ಕಾಲಿನ ಕೆಳಗೆ ಕೆಸರು. ಇಂಥವನನ್ನು ನಾಲ್ಕು ದಿವಸದ ಮಳೆಯಲ್ಲಿ ನಿಲ್ಲಿಸಿದರೆ ಕಲ್ಲಿನ ಮನುಷ್ಯನಾದರೂ ಕುಸಿಯುವನು.

ಪರರ ತಪ್ಪನ್ನು ಎಣಿಸಿದ ಬಳಿಕ ನಮ್ಮ ತಪ್ಪನ್ನೂ ಸಭೆಯ ಮುಂದೆ ಇಡುವೆವು. ಕೆಲವು ವರ್ಷಗಳ ಹಿಂದೆ ಅಣ್ಣತಮ್ಮಂದಿರ ಒಂದು ವ್ಯಾಜ್ಯದಲ್ಲಿ ನಾವು ಅಣ್ಣನ ವಕೀಲರಾಗಿದ್ದೆವು. ಊರು, ಹೆಸರು ಬೇಡ. ಪಾಲಾದಾಗ ಮನೆಯ ನಡುವಿನ ಗೋಡೆಯು ಇಬ್ಬರಿಗೂ ಸೇರಿದ್ದೆಂದು ಬರೆದಿತ್ತು. ಎತ್ತಿನ ಜೋಡಿಯಲ್ಲಿ ಇಬ್ಬರಿಗೂ ಒಂದೊಂದು ಬಂದಿತ್ತು. ಮಾಳಿಗೆಯ ನೀರು ಹೊರಬೀಳುವ ದೋಣಿಯು ಯಾರ ಕಡೆಗೆ ಇರಬೇಕೆಂಬುದೇ ಜಗಳ. ತಮ್ಮನು ದೋಣಿಯನ್ನು ತಿರುಗಿಸಿದನೆಂದು ನಾವು ದಾವೆ ಹೂಡಿ, ವ್ಯಾಜ್ಯ ಮುಗಿಯುವವರೆಗೆ ಯಾರೂ ಗೋಡೆಯನ್ನಾಗಲಿ ಮಾಳಿಗೆಯನ್ನಾಗಲಿ ಮುಟ್ಟಬಾರದೆಂದು ತಡೆಯಾಜ್ಞೆ ತಂದೆವು. ಬಹಳ ಹೆಮ್ಮೆಯಿಂದಲೇ ತಂದೆವು. ಎರಡು ಮಳೆಗಾಲ ಯಾರೂ ಮೇಲ್ಮುದ್ದೆ ಹಾಕಲಿಲ್ಲ. ಕಾಯಿದೆಯನ್ನು ಇಬ್ಬರೂ ಚೆನ್ನಾಗಿ ಪಾಲಿಸಿದರು. ಗೋಡೆಯು ಹೊಟ್ಟೆ ಬಿಟ್ಟಿರುವದೆಂದು ಅಣ್ಣನು ಬಂದು ಹೇಳಿದಾಗ, ಈಗ ಮುಟ್ಟಿದರೆ ನಮ್ಮ ಪಕ್ಷ ಕೆಡುವದೆಂದು ನಾವೇ ಹೇಳಿ ಕಳಿಸಿದೆವು. ಮೂರನೆಯ ಮಳೆಗಾಲದಲ್ಲಿ ಒಂದು ರಾತ್ರಿ ಗೋಡೆಯು ಗೋದಲಿಯ ಮೇಲೆ ಬಿದ್ದಿತು. ಮಕ್ಕಳು ಅಂದು ಬೇರೆ ಮನೆಯಲ್ಲಿ ಮಲಗಿದ್ದುದರಿಂದ ಉಳಿದುಕೊಂಡವು. ಅಣ್ಣನ ಎತ್ತು ಸತ್ತಿತು. ನಾವು ಹೋದಾಗ ತಮ್ಮನು ಅದರ ಮೇಲಿನ ಮಣ್ಣನ್ನು ಕೈಯಿಂದಲೇ ತೆಗೆಯುತ್ತಿದ್ದನು. ಹೆಗಲೆಣೆಯಿಲ್ಲದ ಇನ್ನೊಂದು ಎತ್ತು ಬಯಲಿನಲ್ಲಿ ನಿಂತಿತ್ತು. ತಡೆಯಾಜ್ಞೆಯ ಪ್ರತಿಯು ನಮ್ಮ ಕಪಾಟಿನಲ್ಲಿ ಇನ್ನೂ ಇದೆ. ಅಂದಿನಿಂದ ಮನೆಯ ವ್ಯಾಜ್ಯವು ಯಾವುದೇ ಬಂದರೂ, ಮಾಳಿಗೆಯ ನಿಗಾವಣೆಗೆ ಅಡ್ಡಿಯಿಲ್ಲವೆಂದು ಮೊದಲು ಬರೆಯಿಸಿಕೊಂಡ ಹೊರತು ನಾವು ವಕಾಲತ್ತು ಹಾಕುವದಿಲ್ಲ.

ಕಾಯಿದೆಯ ಮಾತು ಬಂದದ್ದರಿಂದ ಒಂದು ಶಬ್ದದ ವಿಷಯವಾಗಿ ಹೇಳುವೆವು. ಸರಕಾರದ ದಫ್ತರದಲ್ಲಿ ಮಣ್ಣಿನ ಮನೆಗೆ "ಕಚ್ಚಾ" ಎಂದು ಹೆಸರು. ಶಬ್ದವು ಬರಿಯ ಶಬ್ದವಲ್ಲ, ಅದಕ್ಕೆ ಬೆಲೆಯುಂಟು. 2022-23ರಿಂದ 2025-26ರ ವರೆಗೆಂದು ವಿಪತ್ತಿನ ಪರಿಹಾರಕ್ಕೆ ಗೊತ್ತುಪಡಿಸಿದ ಕೇಂದ್ರದ ದರಪಟ್ಟಿಯಲ್ಲಿ, ನೂರಕ್ಕೆ 15 ಪಾಲಾದರೂ ಜಖಂ ಆದ ಪಕ್ಕಾ ಮನೆಗೆ 6,500 ರೂಪಾಯಿ, ಅಷ್ಟೇ ಜಖಂ ಆದ ಕಚ್ಚಾ ಮನೆಗೆ 4,000 ರೂಪಾಯಿ. ಹೆಚ್ಚು ಬಡವನಿಗೆ ಕಡಿಮೆ ಹಣ! ಇತ್ತ 2016ರಲ್ಲಿ ಹಳ್ಳಿಗಳಿಗಾಗಿ ಹೊರಟ ಪ್ರಧಾನಮಂತ್ರಿಯ ಆವಾಸ ಯೋಜನೆಯ ನಿಯಮಗಳನ್ನು ತೆರೆದು ನೋಡಿದರೆ, ಯೋಗ್ಯ ನಿಗಾವಣೆಯಿಂದ 30 ವರ್ಷವಾದರೂ ಗಾಳಿ ಮಳೆಗಳನ್ನು ತಡೆದು ನಿಲ್ಲುವದೇ ಪಕ್ಕಾ ಮನೆಯೆಂದು ಅರ್ಥ ಹೇಳಿದೆ. ಛಾವಣಿಯು ಶಾಶ್ವತ ವಸ್ತುವಿನದಾಗಿರಬೇಕು. ಗೋಡೆಯು ಅಲ್ಲಿಯ ಹವೆಯನ್ನು ತಾಳಬೇಕು. ಗೋಡೆಯು ಮಣ್ಣಿನದಾಗಬಾರದೆಂದು ಎಲ್ಲಿದೆ? ನಿಗಾವಣೆಯಿಂದ 30 ವರ್ಷ ನಿಲ್ಲುವ ಗೋಡೆಯನ್ನು ಕೇಳಿದರೆ ಹಚ್ಚೊಳ್ಳಿಯ ಯಾವ ಮುದುಕನೂ ನಕ್ಕಾನು. ಅವನು ಹುಟ್ಟಿದ ಕೋಣೆಯ ಗೋಡೆಯೇ ಅದಕ್ಕಿಂತ ಹಳೆಯದು. ಹಾಗಾದರೂ ಅರ್ಜಿ ಬರೆಯುವ ಮೊದಲು ಮಣ್ಣಿನ ಗೋಡೆಯನ್ನು ಕೆಡವಿ ಸಿಮೆಂಟಿನ ಪೆಟ್ಟಿಗೆಯೊಂದನ್ನು ಕಟ್ಟುವದೇ ಧರ್ಮವೆಂಬ ಭಾವನೆ ಹಬ್ಬಿದೆ. ಹೊಸ ಮನೆ ಕಟ್ಟಬೇಡಿರೆಂದು ನಾವು ಹೇಳುವದಿಲ್ಲ. ತೊಲೆ ಮುರಿದ ಮನೆಯಲ್ಲಿ ಮಕ್ಕಳನ್ನು ಮಲಗಿಸಿರೆಂದು ಹೇಳುವವನು ದೇಶಭಕ್ತನಲ್ಲ, ಕಟುಕನು. ಕೆಡವಬೇಕಾದದ್ದನ್ನು ಕೆಡವಿರಿ, ಕೆಡವಬೇಕಾದದ್ದು ಯಾವುದೆಂಬುದನ್ನು ಮಾತ್ರ ನೋಡಿ ತಿಳಿದು ಕೆಡವಿರಿ.

ಬಲ್ಲವರು ಸುಮ್ಮನೆ ಕುಳಿತಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು "ಆಸ್ಟ್ರ" ಎಂಬ ವಿಭಾಗವನ್ನು ಹಳ್ಳಿಗಳ ಸಲುವಾಗಿಯೇ ತೆರೆದರು. ಅಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶರೂ ಅವರ ಸಂಗಡಿಗರೂ ಮಣ್ಣಿಗೆ ಮರಳು ಮತ್ತು ನೂರಕ್ಕೆ 6ರಿಂದ 8 ಪಾಲು ಸಿಮೆಂಟು ಬೆರಸಿ ಕೈಯಂತ್ರದಿಂದ ಒತ್ತಿದ ಇಟ್ಟಿಗೆಗಳನ್ನು ರೂಢಿಗೆ ತಂದರು. ಅವನ್ನು ಸುಡುವದಿಲ್ಲ, ನೀರು ಚಿಮುಕಿಸುತ್ತ ಮೂರು ವಾರ ನೆರಳಿನಲ್ಲಿಡುವರು. ನಮ್ಮ ಎರೆಯಂಥ ಉಬ್ಬುವ ಮಣ್ಣಿಗೆ ಮರಳು ಹೆಚ್ಚು ಬೇಕು, ಸುಣ್ಣವೂ ಬೇಕು. ಈ ಬಗೆಯ ಇಟ್ಟಿಗೆಗೆ ಭಾರತದ ಮಾನಕ ಸಂಸ್ಥೆಯು 1725ನೆಯ ಸಂಖ್ಯೆಯ ಮಾನಕವನ್ನೇ ಕೊಟ್ಟಿದೆ. ಅಂದರೆ ಸರಕಾರದ ಒಂದು ಕೈ ಒಪ್ಪಿದ್ದನ್ನು ಇನ್ನೊಂದು ಕೈ ಕಚ್ಚಾ ಎನ್ನುವದು. ಮಹಾತ್ಮರು 1936ರಲ್ಲಿ ಸೇಗಾಂವಕ್ಕೆ ಬಂದಾಗ ಅವರ ವಾಸಕ್ಕೆ ಕಟ್ಟಿದ್ದು ಮಣ್ಣಿನ ಗೋಡೆಯ ಮನೆಯೇ. ಅದು ಇಂದಿಗೂ ಸೇವಾಗ್ರಾಮದಲ್ಲಿ ನಿಂತಿದೆ. ನಿಲ್ಲಲು ಕಾರಣ ಮಹಾತ್ಮರ ಹೆಸರಲ್ಲ, ಅದಕ್ಕೆ ತಪ್ಪದೆ ಮಣ್ಣು ಸಾರಿಸುವ ಕೈಗಳು. ಆಫ್ರಿಕಾ ಖಂಡದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಪಟ್ಟಣವಿದೆ. ಅಲ್ಲಿ 1907ರಲ್ಲಿ ಮರಳಿ ಕಟ್ಟಿದ ದೊಡ್ಡ ಮಸೀದಿಯು ಪೂರ್ತಿ ಮಣ್ಣಿನದು. ಗೋಡೆಯಿಂದ ಹೊರಗೆ ತೊಲೆಗಳ ತುದಿಗಳನ್ನು ಬಿಟ್ಟಿರುವರು. ವರ್ಷಕ್ಕೊಮ್ಮೆ ಊರಿಗೆ ಊರೇ ನೆರೆದು ಅವುಗಳ ಮೇಲೆ ಹತ್ತಿ ಹೊಸ ಮಣ್ಣು ಮೆತ್ತುವರು. ಅದು ಅವರಿಗೆ ದುಡಿಮೆಯೂ ಹೌದು, ಜಾತ್ರೆಯೂ ಹೌದು. ನಮ್ಮಲ್ಲಿ ಹಬ್ಬವು ಎತ್ತಿಗೆ ಉಳಿದಿದೆ, ಮಾಳಿಗೆಗೆ ಉಳಿದಿಲ್ಲ.

ಕೆಲವರು ಹೇಳುವರು: ಕಾಲ ಬದಲಾಯಿತು, ತುಂಗಭದ್ರೆಯ ಕಾಲುವೆ ಬಂದಿತು, ಜೋಳ ಹೋಗಿ ನೆಲ್ಲು ಬಂದಿತು ಎಂದು. ನಿಜ. ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ವರ್ಷಗಟ್ಟಲೆ ಹುಳ ಬೀಳದಂತೆ ಕಾಯುತ್ತಿದ್ದ ವಿದ್ಯೆಯು ನೀರು ಏರಿದ ನೆಲದಲ್ಲಿ ಬಾಳದು. ಆದರೆ ಅದೇ ಕಾಲುವೆಯ ಸೀಮೆಯಲ್ಲಿ ಸವಳು ಭೂಮಿಯು ಹೆಚ್ಚಾಗಿದೆ. ಮೇಲ್ಮುದ್ದೆಗೆ ಬೇಕಾದ ಮಣ್ಣಿಗೆ ಬರವಿಲ್ಲ, ಹಾಕುವವರಿಗೆ ಬರ.

ಸಭೆಗೆ ಬರುವ ಮುನ್ನ ಒಬ್ಬ ಮುದುಕಿಯು ನಮ್ಮನ್ನು ತಡೆದು ನಿಲ್ಲಿಸಿ, "ನನ್ನ ಮನಿಗೆ ಗಂಡಾಳಿಲ್ಲರೀ ಯಪ್ಪಾ, ಮಾಳಿಗಿ ಮ್ಯಾಲ ಯಾರು ಹತ್ತಬೇಕು?" ಎಂದು ಕೇಳಿದಳು. ನಾವು ಒಳಗೆ ಹೋಗಿ ನೋಡಿದೆವು. ಗೋಡೆ ಗಟ್ಟಿ, ಬುಡಕ್ಕೆ ಒಂದು ಮೊಳ ಕಲ್ಲಿನ ಕಟ್ಟಡ, ತೊಲೆಗೆ ಗೆದ್ದಲಿಲ್ಲ. ಬೆಳಕಿಂಡಿಯ ಮಗ್ಗುಲಿಗೆ ಮಾತ್ರ ನೀರಿನ ಕಲೆ. ಮೇಲೆ ಹತ್ತಿ ಅಳೆದಾಗ ಮಣ್ಣು ಹದಿನಾರು ಅಂಗುಲವಿತ್ತು. ಎಂಟು ಅಂಗುಲ ಕೆರೆದು ಇಳಿಸಿ, ದೋಣಿಯ ಕಡೆಗೆ ಇಳಿಜಾರು ಮಾಡಿ, ಎರಡು ಅಂಗುಲ ಸವಳು ಮಣ್ಣು ಹಾಕಿ ಬಡಿದರೆ ಆ ಮನೆಯು ಆ ತಾಯಿಯ ಕಾಲಕ್ಕೂ ಅವಳ ಮೊಮ್ಮಕ್ಕಳ ಕಾಲಕ್ಕೂ ಆದೀತು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಮಳೆ ಬರುವದು ಹುಬ್ಬೆ, ಉತ್ತರೆ, ಹಸ್ತೆಗಳಲ್ಲಿ, ಇನ್ನೂ ಸಮಯವಿದೆ. ನಾಳೆ ಮುಂಜಾನೆ ಎಂಟು ಗಂಟೆಗೆ ನಾವು ಅವಳ ಮನೆಯ ಮುಂದೆ ಇರುವೆವು. ಗುದ್ದಲಿ ನಾಲ್ಕು, ಬುಟ್ಟಿ ಹತ್ತು, ಒಂದು ಬಂಡಿ ಬೇಕು. ಸವಳು ಯಾವ ಹೊಲದಲ್ಲಿ ಒಳ್ಳೆಯದೆಂಬುದನ್ನು ಬಲ್ಲ ಹಿರಿಯರು ಈ ಸಭೆಯಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿರುವರು; ಅವರು ಬಂಡಿಯಲ್ಲಿ ಕುಳಿತು ದಾರಿ ತೋರಿಸಲಿ. ಕೋಡು ಸೀಳದಂತೆ ಎತ್ತು ಮಾಡಿದ ಆ ಹುಡುಗನನ್ನೂ ಕರೆತನ್ನಿರಿ, ಅವನನ್ನು ಮಾಳಿಗೆಯ ಮೇಲೆ ಹತ್ತಿಸಬೇಕಾಗಿದೆ.